ಆರನೇ ಕೋಣೆಯ ಎಂಟು ಸಾಲು

ಕ್ವೀನ್ಸ್‌ಬರಿ, ಲಂಡನ್
21 ಸೆಪ್ಟೆಂಬರ್ 2024

ಚನ್ನಬಸವ್ವ ಅವರಿಗೆ,

ನನ್ನ ಪ್ರಕರಣ ವಿಚಾರಣೆಗೆ ಹೋಗುತ್ತದೆ. ನಿನ್ನೆ ಮಧ್ಯಾಹ್ನ ಫೋನ್ ಮಾಡಿ ಇದನ್ನು ತಿಳಿಸಿದವರು ನರ್ಸುಗಳ ಯೂನಿಯನ್ನಿನಿಂದ ನನ್ನ ಪ್ರಕರಣ ನೋಡಿಕೊಳ್ಳುವ ಜೇಸನ್. ನರ್ಸಿಂಗ್ ಕೌನ್ಸಿಲ್‌ನವರು ದಿನವನ್ನು ಇನ್ನೂ ಗೊತ್ತುಮಾಡಿಲ್ಲ, ಮಾರ್ಚ್ ಆಗಬಹುದಂತೆ.

ಆರೋಪದ ಕಾಗದ ನಿಮಗೂ ಬಂದಿರುತ್ತದೆ. 2023ರ ಆಗಸ್ಟ್ 9ರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಮಾನಸಿಕ ಆರೋಗ್ಯ ವಾರ್ಡಿನ ಆರನೇ ಕೋಣೆಯ ರೋಗಿಯನ್ನು ಕಾಲು ಗಂಟೆಗೊಮ್ಮೆ ನೋಡಬೇಕಿದ್ದ ನರ್ಸ್ ಲೂಯಿಜಾ ಮಥಾಯಸ್, ನೋಡದೆಯೇ ನೋಡಿದ್ದಾಗಿ ಹಾಳೆಯಲ್ಲಿ ಬರೆದರು. ಆ ಹೊತ್ತಿನಲ್ಲಿ ರೋಗಿ ಸೊಂಟದ ಮೂಳೆ ಮುರಿದು ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದರು. ಸಾಕ್ಷಿ ಒಬ್ಬರೇ: ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆ ಬಾಗಿಲು ತೆರೆದ ನರ್ಸ್, ಅಂದರೆ ನೀವು. ನನ್ನ ಉತ್ತರವನ್ನೂ ಓದಿರುತ್ತೀರಿ: ನೋಡಿದ್ದೆ, ಕೊನೆಯ ಸಲ ನೋಡಿದ ಮೇಲೆ ಅವರು ಬಿದ್ದಿರಬೇಕು. ಇದರಾಚೆ ಆ ವಿಷಯದಲ್ಲಿ ನಿಮಗೆ ಒಂದು ಮಾತೂ ಬರೆಯಕೂಡದು ಎಂದು ಜೇಸನ್ ತಾಕೀತು ಮಾಡಿದ್ದಾರೆ. "ಹವಾಮಾನದ ಬಗ್ಗೆ ಬೇಕಾದರೆ ಬರೆಯಿರಿ" ಎಂದರು. ನಾನು ಬರೆಯುತ್ತಿರುವುದು ಒಂದು ಪುಸ್ತಕದ ಬಗ್ಗೆ.

ನನ್ನನ್ನು ಮನೆಗೆ ಕಳಿಸಿದಾಗ ಲಾಕರಿನ ಸಾಮಾನನ್ನು ರಟ್ಟಿನ ಡಬ್ಬದಲ್ಲಿ ತುಂಬಿ ಕೊಟ್ಟಿದ್ದರು. ಒಂದು ವರ್ಷ ಅದನ್ನು ಬಿಚ್ಚಿರಲಿಲ್ಲ. ಕಳೆದ ವಾರ ಬಿಚ್ಚಿದರೆ ಚಪ್ಪಲಿ, ಜಪಮಣಿ, ಅರ್ಧ ಪೊಟ್ಟಣ ಬಿಸ್ಕತ್ತು, ಕೆಳಗೆ ನಿಮ್ಮ ಪುಸ್ತಕ. ಎಜ್‌ವೇರ್‌ನ ಚಾರಿಟಿ ಅಂಗಡಿಯಲ್ಲಿ ನೀವು ಕೊಂಡದ್ದು, ಡೊರೊತಿಯಾ ಡಿಕ್ಸ್ ಎಂಬ ಅಮೆರಿಕದ ಹೆಂಗಸಿನ ಜೀವನಚರಿತ್ರೆ. ಹಿಂದಿರುಗಿಸುವ ಮುಂಚೆ ಒಂದು ಪುಟ ನೋಡೋಣವೆಂದು ತೆರೆದೆ. ಈಗ ಅರವತ್ತನೇ ಪುಟದಲ್ಲಿದ್ದೇನೆ.

1841ರ ಮಾರ್ಚ್ 28, ಭಾನುವಾರ. ಬಾಸ್ಟನ್ ಹತ್ತಿರದ ಈಸ್ಟ್ ಕೇಂಬ್ರಿಜ್ ಎಂಬಲ್ಲಿನ ಜೈಲಿಗೆ ಆಕೆ ಹೆಂಗಸು ಕೈದಿಗಳಿಗೆ ಬೈಬಲ್ ಪಾಠ ಹೇಳಲು ಹೋದಳು. ಮೂವತ್ತೊಂಬತ್ತು ವರ್ಷ ತುಂಬಲು ಒಂದು ವಾರವಿತ್ತು. ಡಾಕ್ಟರಲ್ಲ, ನರ್ಸಲ್ಲ, ಶಾಲೆ ನಡೆಸಿ, ಶ್ವಾಸಕೋಶದ ಕಾಯಿಲೆಯಿಂದ ಬಿಟ್ಟವಳು. ಪಾಠ ಮುಗಿಸಿದ ಮೇಲೆ, ಬುದ್ಧಿ ಸ್ಥಿಮಿತವಿಲ್ಲದ ಹೆಂಗಸರನ್ನು ಅಲ್ಲೇ ಕೂಡಿಹಾಕಿದ್ದು ಕಂಡಳು. ಯಾವ ಅಪರಾಧವನ್ನೂ ಮಾಡದವರು. ಕೋಣೆಯಲ್ಲಿ ಬೆಂಕಿ ಇರಲಿಲ್ಲ. ಯಾಕೆ ಎಂದು ಕೇಳಿದಳು. ಹುಚ್ಚರಿಗೆ ಚಳಿ ಗೊತ್ತಾಗುವುದಿಲ್ಲ ಎಂದು ಜೈಲಿನ ಕಾವಲಿನವನಿಂದ ಉತ್ತರ ಬಂತು.

ಆಕೆ ಕೋರ್ಟಿಗೆ ಹೋಗಿ ಆ ಕೋಣೆಗೆ ಒಲೆ ಹಾಕಿಸಿದಳು.

ಆ ಭಾನುವಾರ ಪಾಠ ಹೇಳಿ ಮನೆಗೆ ಹೋಗಿದ್ದರೆ ಯಾರೂ ಆಕೆಯದು ತಪ್ಪು ಎನ್ನುತ್ತಿರಲಿಲ್ಲ.

ಪುಸ್ತಕವನ್ನು ಮುಗಿಸಿ ಅಂಚೆಯಲ್ಲಿ ಕಳಿಸುತ್ತೇನೆ. ಬೇಗ ಬೇಕಿದ್ದರೆ ತಿಳಿಸಿ.

ಇತಿ,
ಲೂಯಿಜಾ ಮಥಾಯಸ್

*

ಸ್ಟ್ಯಾನ್ಮೋರ್
2 ಅಕ್ಟೋಬರ್ 2024

ಬಾಯಿ,

ನಿನ್ನ ಪತ್ರ ಮೂರು ದಿನ ತೆಗೆದುಕೊಂಡು ಬಂತು. ಟ್ಯೂಬ್ ರೈಲಿನಲ್ಲಿ ಎರಡು ಸ್ಟೇಷನ್ ದಾರಿ.

ಮಂಗಳೂರಿನ ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಒಂದೇ ಟ್ರಂಕಿನ ಮೇಲೆ ಕೂತು ಓದಿದ ದಿನದಿಂದ ಮೂವತ್ತಮೂರು ವರ್ಷ ನನ್ನನ್ನು ನೀನು ಎಂದವಳು ನೀನು. ಈಗ 'ನೀವು' ಎಂದರೆ ಬೇರೆ ಯಾರದೋ ಪತ್ರ ಒಡೆದ ಹಾಗಾಗುತ್ತದೆ. ನಿಮ್ಮ ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವ 'ಬಾಯಿ'ಯನ್ನು ನಾನು ಬದಲಾಯಿಸುವುದಿಲ್ಲ.

ಪುಸ್ತಕಕ್ಕೆ ಅವಸರವಿಲ್ಲ. ನಾನು ಪುಸ್ತಕಗಳನ್ನು ಹಿಂದಿನಿಂದ ಓದುವವಳೆಂದು ನಿನಗೆ ಗೊತ್ತು. ಆಕೆಯ ಸಾವು ಓದಿದ್ದೇನೆ, ಯುದ್ಧ ಓದಿದ್ದೇನೆ, ಜೈಲಿನವರೆಗೆ ಬಂದಿರಲಿಲ್ಲ. ನಿನ್ನಿಂದ ಗೊತ್ತಾಯಿತು.

ಕಳೆದ ಚಳಿಗಾಲದಿಂದ ನಾನು ಇಲ್ಲಿ ಒಂದು ವೃದ್ಧರ ಕೇರ್ ಹೋಮಿನಲ್ಲಿ ನರ್ಸ್ ಆಗಿದ್ದೇನೆ. ಮೇಲಿನ ಮಹಡಿಯಲ್ಲೇ ಕೋಣೆ ಕೊಟ್ಟಿದ್ದಾರೆ. ಇಪ್ಪತ್ತೆಂಟು ಜನರಲ್ಲಿ ಕನ್ನಡದವರು ಒಬ್ಬರೇ, ರಾಮಪ್ರಸಾದ ಮೇಷ್ಟ್ರು. ಮೈಸೂರಿನವರು, ತೊಂಬತ್ತೊಂದು ವರ್ಷ, ಅರ್ಧ ಗಂಟೆಯ ಹಿಂದಿನದು ನೆನಪಿರುವುದಿಲ್ಲ. ನಿನ್ನ ಪತ್ರದಲ್ಲಿ ಜೈಲಿನ ಭಾಗವನ್ನಷ್ಟೇ ಅವರಿಗೆ ಓದಿದೆ.

"ಒಲೆ ಹಾಕಿದ್ರೇನಮ್ಮಾ?" ಎಂದರು.

"ಹಾಕಿದ್ರರೀ ಸರ."

"ಒಬ್ಬಳೇ ಹೆಂಗಸು ಹೋಗಿ ಕೇಳಿದ್ದಕ್ಕೆ?"

"ಹೌದ್ರೀ."

ಕಣ್ಣೊರೆಸಿಕೊಂಡರು. ಊಟದ ಹೊತ್ತಿಗೆ ಮತ್ತೆ ಕೇಳಿದರು. ಸಂಜೆ ಚಹಾಕ್ಕೆ ಮತ್ತೆ. ಪ್ರತಿ ಸಲವೂ ಅದೇ ಆಶ್ಚರ್ಯ, ಮೊದಲ ಸಲ ಕೇಳಿದ ಹಾಗೆ. ನನಗೂ ಪ್ರತಿ ಸಲ ಹೊಸದೇ ಅನ್ನಿಸಿತು. ಮುಂದಿನದನ್ನೂ ಬರೆ, ಅವರಿಗೆ ಬೇಕು.

ಇನ್ನೊಂದು ಮಾತು, ಇದು ಆ ವಿಷಯವಲ್ಲ, ಹಳೆಯದು. ಮೊದಲ ವರ್ಷ ನನಗೆ ಇಂಗ್ಲಿಷಿನಲ್ಲಿ ಡ್ಯೂಟಿ ನೋಟ್ಸ್ ಬರೆಯಲು ಬರುತ್ತಿರಲಿಲ್ಲ. ಗದಗಿನಿಂದ ಬಂದವಳೆಂದು ಎಲ್ಲರೂ ನಗುತ್ತಿದ್ದರು. ನೀನು ಪಕ್ಕದಲ್ಲಿ ಕೂತು ಹೇಳಿಕೊಟ್ಟೆ: "ಕಣ್ಣಿಗೆ ಕಂಡದ್ದನ್ನು ಬರಿ ಮಾರಾಯ್ತಿ. ಕಾಣದ್ದನ್ನು ಡಾಕ್ಟರು ಬರೆಯುತ್ತಾರೆ." ಇವತ್ತಿಗೂ ಹಾಗೇ ಬರೆಯುತ್ತೇನೆ.

ಅಲೆಕ್ಸ್ ಅಣ್ಣನಿಗೆ, ಜೇನ್‌ಗೆ ನನ್ನ ನೆನಪು ಹೇಳು. ಹೇಳುವ ಹಾಗಿದ್ದರೆ.

ನಿನ್ನ
ಚನ್ನವ್ವ

*

ಕ್ವೀನ್ಸ್‌ಬರಿ
3 ನವೆಂಬರ್ 2024

ಚನ್ನವ್ವ,

ನಿನ್ನ ನೆನಪನ್ನು ಗಂಡ, ಮಗಳು ಇಬ್ಬರಿಗೂ ಹೇಳಿದೆ. ಅಲೆಕ್ಸ್ ತಲೆಯಾಡಿಸಿದರು. ಜೇನ್ ಇಂಗ್ಲಿಷಿನಲ್ಲಿ "ಆಂಟಿ ಚೆನ್ನಾಗಿದ್ದಾರಾ?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದವಳಿಗೆ ಆ ನೋಟ ಎಲ್ಲಿಂದ ಬರುತ್ತದೋ.

ನರ್ಸ್ ಕೆಲಸ ಮಾಡುವ ಹಾಗಿಲ್ಲವಲ್ಲ, ಸ್ಟೇಷನ್ ಎದುರಿನ ಗುಜರಾತಿಯವರ ಅಂಗಡಿಯಲ್ಲಿ ದಿನಕ್ಕೆ ಐದು ಗಂಟೆ ಕೆಲಸ ಹಿಡಿದಿದ್ದೇನೆ. ಮೆಂತ್ಯ, ಕೊತ್ತಂಬರಿ, ಕರಿಬೇವು ಬಿಡಿಸಿ ಕಟ್ಟು ಮಾಡುವುದು. ಉಳಿದ ಹೊತ್ತು ಓದು.

ಮೇಷ್ಟ್ರಿಗೆ ಓದಿ ಹೇಳಬಹುದಾದದ್ದು ಇದು. ಒಲೆ ಹಾಕಿಸಿದವಳು ಅಲ್ಲಿಗೆ ನಿಲ್ಲಲಿಲ್ಲ. ಈ ಒಂದು ಜೈಲು ಹೀಗಿದ್ದರೆ ಉಳಿದವು ಹೇಗಿರಬಹುದು ಎಂದು ಕೇಳಿಕೊಂಡು, ಒಂದು ನೋಟ್‌ಬುಕ್ ಹಿಡಿದು ಹೊರಟಳು. ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳು, ದಿಕ್ಕಿಲ್ಲದ ಬಡವರನ್ನು ಇಡುವ ಮನೆಗಳು, ಊರು ಕೊಡುವ ಹಣಕ್ಕಾಗಿ ಹುಚ್ಚರನ್ನು ಹರಾಜಿನಲ್ಲಿ ಪಡೆದು ಸಾಕುತ್ತಿದ್ದ ಹೊಲಮನೆಗಳು. ಹತ್ತಿರ ಹತ್ತಿರ ಎರಡು ವರ್ಷ. ಕೆಮ್ಮು, ಜ್ವರ, ಕೆಸರು, ಕುದುರೆ ಗಾಡಿ. ಒಳಗೆ ಹೋಗುವುದು, ನೋಡುವುದು, ಬರೆಯುವುದು. 1843ರಲ್ಲಿ ಅದನ್ನು ಶಾಸನಸಭೆಗೆ ಮನವಿಯಾಗಿ ಕೊಟ್ಟಳು. ಹೆಂಗಸು ಅಲ್ಲಿ ನಿಂತು ಮಾತಾಡುವ ಕಾಲವಲ್ಲ, ಓದಿದವರು ಗಂಡಸರು.

ಆ ಮನವಿಯಲ್ಲಿ ಒಂದು ಕಡೆ ಬರೀ ಪಟ್ಟಿ ಇದೆ. ಊರಿನ ಹೆಸರು, ಎದುರಿಗೆ ಕಂಡದ್ದು. ಒಂದು ಊರಿನಲ್ಲಿ ಪಂಜರದೊಳಗೆ ಹೆಂಗಸು. ಇನ್ನೊಂದರಲ್ಲಿ ಹದಿನೇಳು ವರ್ಷದಿಂದ ಮುಚ್ಚಿದ ಗೂಡಿನಲ್ಲಿ ಒಬ್ಬ ಮನುಷ್ಯ. ಒಂದು ಊರಿನ ಸಾಲಿನ ಹಾಗೆ ಇನ್ನೊಂದರದು ಇಲ್ಲ. ಅಪ್ಪ ಶಿರ್ವದಲ್ಲಿ ಪೇಪರ್ ಏಜೆಂಟ್ ಆಗಿದ್ದಾಗ ಬೆಳಗ್ಗೆ ನನ್ನಿಂದ ಮೊದಲ ಪುಟ ಓದಿಸುತ್ತಿದ್ದರು. ಊರು, ತಾರೀಖು, ಎಷ್ಟು ಜನ, ಯಾರು ಹೇಳಿದ್ದು. "ಉಳಿದದ್ದು ಗಾಳಿ" ಎನ್ನುತ್ತಿದ್ದರು. ಅಪ್ಪ ಇದ್ದಿದ್ದರೆ ಈ ಪಟ್ಟಿಯನ್ನು ಎದ್ದು ನಿಂತು ಓದುತ್ತಿದ್ದರು.

ಕೆಲವು ಊರಿನ ಮೇಲ್ವಿಚಾರಕರು ಸುಳ್ಳು ಎಂದು ಕೂಗಿದರು. ನಮ್ಮಲ್ಲಿ ಹಾಗಿಲ್ಲ, ನಮ್ಮದು ಶುಚಿಯಾಗಿದೆ ಎಂದರು. ಆದರೂ ಶಾಸನಸಭೆ ರಾಜ್ಯದ ಮಾನಸಿಕ ಆಸ್ಪತ್ರೆಯನ್ನು ದೊಡ್ಡದು ಮಾಡಲು ಒಪ್ಪಿತು. ಬಳಿಕ ಆಕೆ ಬೇರೆ ರಾಜ್ಯಗಳಿಗೆ ಹೋದಳು. ಆಕೆಯ ಓಡಾಟದಿಂದ ಹುಟ್ಟಿದ, ದೊಡ್ಡದಾದ ಆಸ್ಪತ್ರೆಗಳು ಮೂವತ್ತಕ್ಕೂ ಹೆಚ್ಚು.

ಆಕೆ ಲಂಡನ್ನಿಗೂ ಬಂದಿದ್ದಳು. 1855ರಲ್ಲಿ ಸ್ಕಾಟ್ಲೆಂಡಿನ ಖಾಸಗಿ ಹುಚ್ಚಾಸ್ಪತ್ರೆಗಳನ್ನು ಕಂಡು ದಿಗಿಲಾಗಿ, ಗೃಹಮಂತ್ರಿಗೆ ಹೇಳಲೇಬೇಕೆಂದು ಎಡಿನ್‌ಬರದಿಂದ ರಾತ್ರಿಯ ಮೇಲ್ ಗಾಡಿ ಹತ್ತಿದಳು. ಆಕೆಯ ಮಾತಿಗೆ ಅಡ್ಡಿ ಹೇಳಲು ಆ ಊರಿನ ಮುಖ್ಯಾಧಿಕಾರಿಯೂ ಹೊರಟಿದ್ದ. ಅವನು ತಲುಪುವ ಹೊತ್ತಿಗೆ ಆಕೆ ಮಂತ್ರಿಯನ್ನು ಕಂಡು ಮಾತು ಮುಗಿಸಿಯಾಗಿತ್ತು ಎಂದು ಪುಸ್ತಕ ಹೇಳುತ್ತದೆ. ವಿಚಾರಣಾ ಆಯೋಗ ಬಂತು, ಎರಡು ವರ್ಷದಲ್ಲಿ ಕಾನೂನು ಬಂತು.

ನಿನ್ನೆ ರಜೆಯಿತ್ತು. ಆತ್ಮಗಳ ಹಬ್ಬದ ಪೂಜೆ ಮುಗಿಸಿ ಜೇನ್ ಜೊತೆ ವೆಸ್ಟ್‌ಮಿನ್‌ಸ್ಟರಿಗೆ ಹೋಗಿ ವೈಟ್‌ಹಾಲ್ ರಸ್ತೆಯಲ್ಲಿ ನಿಂತೆ. ಯಾವ ಕಟ್ಟಡವೆಂದು ಪುಸ್ತಕದಲ್ಲಿಲ್ಲ. ಹಾಗಾಗಿ ರಸ್ತೆಯನ್ನೇ ನೋಡಿದೆವು. ಐವತ್ತೆರಡು ವರ್ಷದ ಹೆಂಗಸು, ಕೈಯಲ್ಲಿ ಒಂದು ಚೀಲ, ರಾತ್ರಿಯಿಡೀ ನಿದ್ದೆಯಿಲ್ಲದೆ ಈ ರಸ್ತೆಯಲ್ಲಿ ನಡೆದಿದ್ದಾಳೆ. ನನಗೂ ಐವತ್ತೆರಡು.

"ಆಕೆಗೆ ಭಯ ಆಗಲಿಲ್ಲವಾ?" ಎಂದು ಜೇನ್ ಕೇಳಿದಳು.

"ಆಗಿರಬಹುದು. ಕಂಡದ್ದು ಕೈಯಲ್ಲಿತ್ತಲ್ಲ" ಎಂದೆ.



ಲೂಯಿಜಾ

*

ಸ್ಟ್ಯಾನ್ಮೋರ್
8 ಡಿಸೆಂಬರ್ 2024

ಬಾಯಿ,

ಎರಡೂ ಪತ್ರವನ್ನು ಮೇಷ್ಟ್ರು ಎಷ್ಟು ಸಲ ಕೇಳಿದ್ದಾರೆಂದು ಲೆಕ್ಕ ಬಿಟ್ಟಿದ್ದೇನೆ. ಪಂಜರದ ಹೆಂಗಸಿನ ಭಾಗ ಬಂದರೆ ಬೇಡವೆಂದು ಕೈಯಾಡಿಸುತ್ತಾರೆ. ರಾತ್ರಿ ಗಾಡಿ ಬಂದರೆ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ.

ಯುದ್ಧದ ಭಾಗ ನಾನು ಹೇಳುತ್ತೇನೆ, ನಾನು ಮೊದಲು ಓದಿದ್ದು ಅದನ್ನೇ.

1861ರಲ್ಲಿ ಅಮೆರಿಕದ ಅಂತರ್ಯುದ್ಧ. ಉತ್ತರದ ಸೈನ್ಯದ ನರ್ಸುಗಳಿಗೆಲ್ಲ ಆಕೆಯನ್ನು ಮುಖ್ಯಸ್ಥೆ ಮಾಡಿದರು. ಐವತ್ತೊಂಬತ್ತು ವರ್ಷ. ಸಂಬಳ ತೆಗೆದುಕೊಳ್ಳಲಿಲ್ಲ. ನರ್ಸ್ ಆಗುವವರಿಗೆ ಆಕೆ ಹಾಕಿದ ನಿಯಮ: ಮೂವತ್ತೈದು ದಾಟಿರಬೇಕು, ನೋಡಲು ಸಾದಾ ಇರಬೇಕು, ಕಂದು ಇಲ್ಲವೆ ಕಪ್ಪು ಬಟ್ಟೆ, ಗುಂಗುರು ಕೂದಲು ಬೇಡ, ಆಭರಣ ಬೇಡ. ನಿನ್ನನ್ನು ನಿನ್ನ ಬಂಗಾರದ ಚೈನಿಗೇ ಹೊರಗೆ ಕಳಿಸುತ್ತಿದ್ದಳು. ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಒಳಗೆ ಕರೆಯುತ್ತಿದ್ದಳು. ಇದನ್ನು ಮೇಷ್ಟ್ರಿಗೆ ಹೇಳಿದರೆ, "ನೀವು ಅಷ್ಟೇನೂ ಸಾದಾ ಇಲ್ಲ ಬಿಡಮ್ಮ" ಎಂದರು. ತೊಂಬತ್ತೊಂದರಲ್ಲಿ ಅಷ್ಟು ಸಾಕು.

ಮೂರು ಸಾವಿರ ಹೆಂಗಸರನ್ನು ಆಕೆ ಆಸ್ಪತ್ರೆಗಳಿಗೆ ಕಳಿಸಿದಳಂತೆ. ಗಾಯಗೊಂಡವನು ಯಾವ ಕಡೆಯವನೆಂದು ಕೇಳದೆ, ಶತ್ರು ಸೈನಿಕರನ್ನೂ ನೋಡಿಕೊಂಡರು. ಅದು ದೊಡ್ಡದು. ಆದರೆ ಆಕೆಗೆ ಜನರ ಜೊತೆ ಹೊಂದಿಕೊಳ್ಳಲು ಬರಲಿಲ್ಲ. ಡಾಕ್ಟರರ ಜೊತೆ ಜಗಳ, ಕ್ಯಾಥೊಲಿಕ್ ಸನ್ಯಾಸಿನಿಯರನ್ನು ಕಂಡರೆ ಆಗದು (ನಿನ್ನ ಮತದವರು, ಬಾಯಿ), ಒಳ್ಳೆಯ ನರ್ಸುಗಳನ್ನೂ ಬಟ್ಟೆ ನೋಡಿ ವಾಪಸು ಕಳಿಸಿದ್ದಾಳೆ. ಎರಡು ವರ್ಷದಲ್ಲಿ ಆಕೆಯ ಅಧಿಕಾರವನ್ನು ಕತ್ತರಿಸಿದರು. ಆಕೆ ಬಿಟ್ಟು ಹೋಗಲಿಲ್ಲ, ಯುದ್ಧ ಮುಗಿದ ಮೇಲೂ ಇದ್ದು ಕೆಲಸ ಪೂರೈಸಿದಳು.

ಮುಂದೆ, ಈ ಕೆಲಸದಿಂದ ನನ್ನ ಬದುಕನ್ನು ಅಳೆಯಬೇಡಿ ಎಂದು ಹೇಳಿದ್ದಳಂತೆ.

ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ಸ್ಟೇಷನ್ನಿನ ಕಡೆ ನಡೆಯಲು ಹೋಗುತ್ತೇನೆ, ಹಿಂದಿರುಗುತ್ತೇನೆ.

ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡುತ್ತೀಯಾ? ಈ ವರ್ಷ ನೆವರಿಯ, ಅಂದರೆ ನಮ್ಮ ಕರ್ಚಿಕಾಯಿಯ, ಹೂರಣ ರುಬ್ಬಿಕೊಡುವವರು ಯಾರು?

ಚನ್ನವ್ವ

*

ಕ್ವೀನ್ಸ್‌ಬರಿ
12 ಜನವರಿ 2025

ಚನ್ನವ್ವ,

ದಿನ ಗೊತ್ತಾಯಿತು: ಮಾರ್ಚ್ 18, ಮಂಗಳವಾರ, ಬೆಳಗ್ಗೆ ಒಂಬತ್ತೂವರೆ, ಸ್ಟ್ರಾಟ್‌ಫರ್ಡ್. ಕೌನ್ಸಿಲ್‌ನ ಈಮೇಲ್ ಶುಕ್ರವಾರ ಬಂತು.

ಈ ಸಲ ಕುಸ್ವಾರ್ ಮಾಡಲಿಲ್ಲ.

ನಿನ್ನ ಪತ್ರದ ಒಂದು ಸಾಲನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಈ ಕೆಲಸದಿಂದ ನನ್ನ ಬದುಕನ್ನು ಅಳೆಯಬೇಡಿ. ಮೂವತ್ತಕ್ಕೂ ಹೆಚ್ಚು ಆಸ್ಪತ್ರೆಗಳನ್ನು ಎಬ್ಬಿಸಿದವಳು ಹೀಗೆ ಕೇಳಬೇಕಾಯಿತು. ನನ್ನದು ಇಪ್ಪತ್ತೊಂಬತ್ತು ವರ್ಷದ ಕೆಲಸ. ಮಂಗಳೂರು, ಆಮೇಲೆ ಈ ಊರು. ಎಷ್ಟು ಜನರ ಬಟ್ಟೆ ಬದಲಾಯಿಸಿದ್ದೇನೆ, ಎಷ್ಟು ಜನರ ಕೈಯಿಂದ ಗಾಜಿನ ಚೂರು ತೆಗೆದಿದ್ದೇನೆ, ಅದಕ್ಕೆಲ್ಲ ಹಾಳೆ ಇಲ್ಲ. ಅವತ್ತಿನ ಆ ಎರಡು ಗಂಟೆಗಳಿಗೆ ಮಾತ್ರ ಹಾಳೆ ಇದೆ.

ಇದನ್ನು ಜೇಸನ್‌ಗೆ ಹೇಳಿದೆ. ತುಂಬ ಚೆನ್ನಾಗಿದೆ, ವಿಚಾರಣೆಯ ಕೊನೆಯ ಮಾತಿನಲ್ಲಿ ಸೇರಿಸೋಣ ಎಂದರು. ಒಬ್ಬಳ ಮಾತಿನ ಎದುರು ಇನ್ನೊಬ್ಬಳ ಮಾತು, ಗೆಲ್ಲುವ ಸಾಧ್ಯತೆ ಇದೆ ಎಂದೂ ಹೇಳಿದರು.

ಲೂಯಿಜಾ

*

ಸ್ಟ್ಯಾನ್ಮೋರ್
19 ಜನವರಿ 2025

ಬಾಯಿ,

ಪುಸ್ತಕದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಆಕೆ ಹಾಗೆ ಹೇಳಿದ್ದು ನಿಜವಿರಬಹುದು. ಆ ಕೆಲಸ ನಡೆಯಲೇ ಇಲ್ಲ ಎಂದು ಆಕೆ ಎಲ್ಲೂ ಹೇಳಿಲ್ಲ.

ಚನ್ನವ್ವ

*

ಕ್ವೀನ್ಸ್‌ಬರಿ
9 ಫೆಬ್ರವರಿ 2025

ಚನ್ನವ್ವ,

ಅಲೆಕ್ಸ್‌ಗೆ ಗುರುವಾರ ಹರ್ನಿಯಾ ಆಪರೇಷನ್ ಆಯಿತು. ಚೆನ್ನಾಗಿದ್ದಾರೆ. ಅದೇ ದಿನ ಮನೆಗೆ ಕಳಿಸಿದರು.

ನಿನ್ನ ಎರಡು ಸಾಲಿನ ಪತ್ರ ಬಂದ ಮೇಲೆ ಎರಡು ವಾರಕ್ಕೂ ಹೆಚ್ಚು ನಾನು ಪುಸ್ತಕ ತೆರೆಯಲಿಲ್ಲ. ನಿನ್ನೆ ಮಧ್ಯಾಹ್ನ ಅಲೆಕ್ಸ್ ಊಟ ಮಾಡಿ ಮೇಲೆ ಮಲಗಿದರು. ನಾನು ಒಂದು ಖಾಲಿ ಹಾಳೆ ತೆಗೆದುಕೊಂಡು ಎಂಟು ಚೌಕ ಹಾಕಿದೆ. ಕಾಲು ಗಂಟೆಗೊಮ್ಮೆ ಮೆಟ್ಟಿಲು ಹತ್ತಿ, ಕಂಡದ್ದನ್ನು ಬರೆದೆ. ಯಾಕೆ ಎಂದು ಕೇಳಬೇಡ. ಆ ಹಾಳೆಯನ್ನು ನಕಲು ಮಾಡುತ್ತಿದ್ದೇನೆ.

2.00. ಎಡಮಗ್ಗುಲು. ಬಾಯಿ ತೆರೆದಿದೆ.
2.15. ಹಾಗೇ. ಬಲಗಾಲು ಹೊದಿಕೆಯಿಂದ ಹೊರಗೆ.
2.30. ಅಂಗಾತ. ಗೊರಕೆ.
2.45. ಗೊರಕೆ ಇಲ್ಲ. ಹತ್ತಿರ ಹೋಗಿ ಉಸಿರು ಎಣಿಸಿದೆ, ನಿಮಿಷಕ್ಕೆ ಹದಿನಾಲ್ಕು.
3.00. ಎಚ್ಚರ. "ಎಂತ ಮಾರಾಯ್ತಿ, ನಾನು ಸಾಯುವುದನ್ನು ಕಾಯ್ತಾ ಇದ್ದೀಯಾ?" ಎಂದು ಕೇಳಿದರು.
3.15. ಗೋಡೆಯ ಕಡೆ ಮುಖ. ನಿದ್ದೆಯಲ್ಲ. ಹೊಲಿಗೆ ಎಳೆಯುತ್ತದೆ ಎಂದರು.
3.30. ಹಾಸಿಗೆ ಖಾಲಿ. ಬಚ್ಚಲುಮನೆಯ ಬಾಗಿಲು ಬಡಿದೆ. ಉತ್ತರ ಬಂತು.
3.45. ಕುಳಿತಿದ್ದಾರೆ. ಚಹಾ ಕೇಳಿದರು.

ಎಂಟು ಸಲ ಏರಿ ಇಳಿಯಲು, ನೋಡಲು, ಬರೆಯಲು ಹಿಡಿದದ್ದು ಒಟ್ಟು ಹನ್ನೊಂದು ನಿಮಿಷ. ಮಲಗಿರುವ ಒಬ್ಬ ಮನುಷ್ಯ ಎರಡು ಗಂಟೆಯಲ್ಲಿ ಎಂಟು ಬೇರೆ ಬೇರೆ ಸಾಲು ಆಗುತ್ತಾನೆ. ಮೂರೂವರೆಗೆ ಅಲೆಕ್ಸ್ ಎದ್ದು ಹೋದದ್ದು, ಈ ಸಣ್ಣ ಮನೆಯಲ್ಲಿ, ಕೆಳಗಿದ್ದ ನನಗೆ ಕೇಳಿಸಿರಲಿಲ್ಲ. ಬಾಗಿಲು ತೆರೆದ ಮೇಲೆ ಗೊತ್ತಾಯಿತು.

ಆಕೆಯ ಪಟ್ಟಿಯಲ್ಲಿ ಒಂದರ ಹಾಗೆ ಇನ್ನೊಂದು ಸಾಲು ಇಲ್ಲವೆಂದು ನವೆಂಬರಿನಲ್ಲಿ ನಿನಗೆ ಬರೆದಿದ್ದೆ. ಅಂದು ಆಕೆಯ ಬರವಣಿಗೆ ದೊಡ್ಡದು ಎಂದುಕೊಂಡಿದ್ದೆ. ಆಕೆ ಪ್ರತಿಯೊಂದು ಬಾಗಿಲನ್ನೂ ತೆರೆದಿದ್ದಳು, ಅಷ್ಟೆ. ಎರಡು ವರ್ಷ, ಒಂದನ್ನೂ ಬಿಡದೆ. ನಾನು ಆ ಹಾಳೆ ಹಿಡಿದು ಮೆಟ್ಟಿಲ ಮೇಲೆ ಕುಳಿತೆ. ಎಂಥ ಹೆಂಗಸು, ಚನ್ನವ್ವ.

ಸಂಜೆ ಜೇನ್ ಬಂದು ಹಾಳೆಯನ್ನು ಓದಿದಳು. ಎರಡು ಸಲ ಓದಿದಳು. ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಆ ಪ್ರಶ್ನೆಯನ್ನು, ಅದಕ್ಕೆ ನನ್ನ ಉತ್ತರವನ್ನು ಈಗ ನಿನಗೆ ಬರೆಯುವ ಹಾಗಿಲ್ಲ.

ಲೂಯಿಜಾ

*

ಕ್ವೀನ್ಸ್‌ಬರಿ
1 ಮಾರ್ಚ್ 2025

ಚನ್ನವ್ವ,

ನನ್ನ ಉತ್ತರವನ್ನು ಬದಲಾಯಿಸಿದ್ದೇನೆ. ಹೊಸ ಹೇಳಿಕೆ ಕೌನ್ಸಿಲ್‌ಗೆ ತಲುಪಿದೆ ಎಂದು ಜೇಸನ್ ಗುರುವಾರ ತಿಳಿಸಿದರು. ಈಗ ನಿನಗೆ ಹೇಳಬಹುದಂತೆ. ಅವರು ಸಂತೋಷವಾಗಿಲ್ಲ. "ಗೆಲ್ಲಬಹುದಿತ್ತು, ಲೂಯಿಜಾ" ಎಂದರು. ಆಮೇಲೆ, ನನ್ನ ಪರವಾಗಿ ಬಂದು ಕೂರುತ್ತೇನೆ ಎಂದರು.

ಆ ಎಂಟು ಸಾಲು ಓದಿ ಜೇನ್ ಕೇಳಿದ್ದು, ಆರನೇ ಕೋಣೆಯನ್ನೂ ಹೀಗೆ ನೋಡಿದ್ದೆಯಾ ಎಂದು; ನಾನು ಇಲ್ಲ ಎಂದೆ. ಹೇಳಿಕೆಯಲ್ಲಿರುವುದು ಇಷ್ಟು. ಅವತ್ತು ಹದಿನೆಂಟು ರೋಗಿಗಳಿಗೆ ನಾವು ಇಬ್ಬರು ನರ್ಸುಗಳು, ಒಬ್ಬ ಸಹಾಯಕ. ನಾನು ಆಫೀಸಿನಲ್ಲಿ ಬಿಡುಗಡೆಯ ಕಾಗದಗಳನ್ನು ತುಂಬುತ್ತಿದ್ದೆ. ಗಾಜಿನಿಂದ ಆರನೇ ಕೋಣೆಯ ಬಾಗಿಲು ಕಾಣುತ್ತಿತ್ತು. ಬಾಗಿಲು ಮುಚ್ಚಿತ್ತು. ಮುಚ್ಚಿದ ಬಾಗಿಲನ್ನು ನೋಡಿದ್ದನ್ನೇ ರೋಗಿಯನ್ನು ನೋಡಿದ್ದೆಂದು ಮಾಡಿಕೊಂಡೆ. ನಾಲ್ಕಕ್ಕೆ ಹಾಳೆ ತೆಗೆದು, ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ, ಎಂಟು ಚೌಕದಲ್ಲಿ ಒಂದೇ ಸಾಲು ಬರೆದೆ: ಹಾಸಿಗೆಯಲ್ಲಿದ್ದಾರೆ, ಉಸಿರಾಟ ಕಾಣುತ್ತದೆ. ಜನ ಕಡಿಮೆಯಿದ್ದದ್ದು ನಿಜ, ಅದನ್ನೂ ಬರೆದಿದ್ದೇನೆ. ಅದು ಕಾರಣವಲ್ಲ. ಲೂಯಿಜಾ ಸಿಸ್ಟರಿನ ಹಾಳೆಯಲ್ಲಿ ಒಂದು ಚೌಕವೂ ಖಾಲಿ ಇರುವುದಿಲ್ಲ ಎಂದು ಇನ್‌ಸ್ಪೆಕ್ಷನ್‌ನವರು ಎರಡು ಸಲ ಹೊಗಳಿದ್ದರು. ಖಾಲಿ ಬಿಡಲು ನನಗೆ ಆಗಲಿಲ್ಲ. ಖಾಲಿ ಬಿಟ್ಟಿದ್ದರೆ ಅದು ಸತ್ಯವಾಗಿರುತ್ತಿತ್ತು.

ಆರನೇ ಕೋಣೆಯ ಆ ಹೆಂಗಸು ಕೂಗಿದ್ದರಂತೆ. ನನ್ನ ಕಿವಿಗೆ ಬಿದ್ದಿರಬೇಕು. ವಾರ್ಡಿನಲ್ಲಿ ಯಾರಾದರೂ ಕೂಗುತ್ತಲೇ ಇರುತ್ತಾರೆ. ಅದು ನನಗೆ ಕೇಳಿಸುವುದು ನಿಂತು ಎಷ್ಟೋ ವರ್ಷವಾಗಿತ್ತು. ಹುಚ್ಚರಿಗೆ ಚಳಿ ಗೊತ್ತಾಗುವುದಿಲ್ಲ ಎಂದನಲ್ಲ ಆ ಜೈಲಿನವನು, ಅವನು ಕೆಟ್ಟವನಾಗಿರಲಿಕ್ಕಿಲ್ಲ. ಅಭ್ಯಾಸವಾಗಿತ್ತು. ಆರು ತಿಂಗಳಿಂದ ಈ ಪುಸ್ತಕದಲ್ಲಿ ನಾನು ಆಕೆಯ ಹಿಂದೆ ಹಿಂದೆ ನಡೆಯುತ್ತಿದ್ದೇನೆ ಎಂದುಕೊಂಡಿದ್ದೆ. ನಾನಿದ್ದದ್ದು ಬಾಗಿಲಿನ ಹತ್ತಿರ, ಕೀ ಗೊಂಚಲು ಹಿಡಿದುಕೊಂಡು.

ಆ ರೋಗಿಯ ಕ್ಷಮೆ ಕೇಳಿ ಪತ್ರ ಬರೆದು ಜೇಸನ್ ಕೈಯಲ್ಲಿ ಕೊಟ್ಟಿದ್ದೇನೆ. ಅವರಿಗೆ ಅದನ್ನು ಓದುವ ಮನಸ್ಸಿದ್ದರೆ ಕೌನ್ಸಿಲ್ ತಲುಪಿಸುತ್ತದೆ. ಈಗ ಕೋಲು ಹಿಡಿದು ನಡೆಯುತ್ತಾರಂತೆ.

ಏನಾಗಬಹುದೆಂದು ಕೇಳಿದೆ. ಒಂದು ವರ್ಷ ಅಮಾನತು ಆಗಬಹುದು, ಇಲ್ಲವೆ ನರ್ಸುಗಳ ಪಟ್ಟಿಯಿಂದ ನನ್ನ ಹೆಸರನ್ನೇ ತೆಗೆಯಬಹುದು.

ಫ್ರಿಜ್ಜಿನ ಮೇಲಿನ ಚೀಟಿ ತೆಗೆದೆ. ಜೇನ್ ಅಲ್ಲಿ ಅಲೆಕ್ಸ್‌ನ ಎಂಟು ಸಾಲು ಅಂಟಿಸಿದ್ದಾಳೆ. ಬಂದವರೆಲ್ಲ ಓದುತ್ತಾರೆ, ಅಲೆಕ್ಸ್‌ಗೆ ನಾಚಿಕೆ.

ಪುಸ್ತಕ ಮುಗಿಯಿತು. ಟ್ರೆಂಟನ್‌ನಲ್ಲಿ ತಾನು ಕಟ್ಟಿಸಿದ ಮೊದಲ ಆಸ್ಪತ್ರೆಯಲ್ಲೇ ಒಂದು ಕೋಣೆ ಪಡೆದು ಆಕೆ ಕೊನೆಯ ಆರು ವರ್ಷ ಕಳೆದಳು. ಕಾಯಿಲೆಯವಳಾಗಿ, ನೋಡಿಕೊಳ್ಳಬೇಕಾದವಳಾಗಿ. ದಿನಕ್ಕೆ ಎಷ್ಟು ಸಲ ಯಾರು ಆ ಬಾಗಿಲು ತೆರೆದು ನೋಡಿದರೆಂದು ಪುಸ್ತಕದಲ್ಲಿಲ್ಲ. ನೋಡಿದ್ದಾರೆ ಎಂದು ನಂಬಿದ್ದೇನೆ.

ಇದರ ಜೊತೆಗೇ ಕಳಿಸುತ್ತಿದ್ದೇನೆ. ಒಂದು ಪುಟದ ಮೂಲೆ ಮಡಚಿದೆ, ಕ್ಷಮಿಸು.

ನಿನ್ನ
ಲೂಯಿಜಾ

*

ಸ್ಟ್ಯಾನ್ಮೋರ್
11 ಮಾರ್ಚ್ 2025

ಬಾಯಿ,

ಸಾಕ್ಷಿಯಾಗಿ ನಾನು ಬರಬೇಕಾಗಿಲ್ಲ. ಕೌನ್ಸಿಲ್‌ನವರು ನಿನ್ನೆ ಪತ್ರ ಹಾಕಿ ತಿಳಿಸಿದ್ದಾರೆ.

ಪುಸ್ತಕ ಬಂತು. ಈಗ ಮೊದಲ ಪುಟದಿಂದ ಓದುತ್ತಿದ್ದೇನೆ. ಮಡಚಿದ ಮೂಲೆಯನ್ನು ಹಾಗೇ ಬಿಟ್ಟಿದ್ದೇನೆ.

ಈಗ ನಾನೂ ಒಂದು ಹೇಳಬಹುದು. ಅವತ್ತು ಅವರನ್ನು ಎತ್ತಿ ಆಂಬುಲೆನ್ಸಿಗೆ ಕಳಿಸಿದ ಮೇಲೆ ನೀನು ಟೀ ರೂಮಿನಲ್ಲಿದ್ದೆ, ನನ್ನಿಂದ ಹತ್ತು ಹೆಜ್ಜೆ. ಮೊದಲು ಅವಳಿಗೆ ಹೇಳಿ ಆಮೇಲೆ ವರದಿ ಬರೆಯಬೇಕಿತ್ತು ಎಂದು ಎಲ್ಲರೂ ಅಂದರು. ಚರ್ಚಿನವರು ಅಂದರು, ಕನ್ನಡ ಸಂಘದವರು ಅಂದರು. ನಾನು ಮೊದಲು ಬರೆದೆ. ನಿನ್ನ ಮುಖ ನೋಡಿದ್ದರೆ ಬರೆಯುತ್ತಿರಲಿಲ್ಲ. ಅದಕ್ಕೇ ನೋಡಲಿಲ್ಲ. ಹತ್ತೊಂಬತ್ತು ತಿಂಗಳು ಆಯಿತು ನೋಡದೆ.

ನಿನ್ನ ಪತ್ರವನ್ನು ಮೇಷ್ಟ್ರಿಗೆ ಓದಲಿಲ್ಲ. ಅವರೇ ಕೇಳಿದರು:

"ಆ ಹೆಂಗಸು ಏನಾದ್ರಮ್ಮಾ?"

ಯಾವ ಹೆಂಗಸು ಎಂದು ನಾನು ಕೇಳಲಿಲ್ಲ.

"ಇದ್ದದ್ದನ್ನ ಇದ್ಹಾಂಗ ಬರದು ಕೊಟ್ಟಾಳ್ರೀ ಸರ."

"ಒಬ್ಬಳೇನಾ?"

"ಒಬ್ಬಾಕೀನ."

"ದೊಡ್ಡದು" ಎಂದರು. ಮಧ್ಯಾಹ್ನ ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದೆ. ಮತ್ತೆ "ದೊಡ್ಡದು" ಎಂದರು.

ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿದೆ. ವಿಚಾರಣೆಗೆ ಸಾರ್ವಜನಿಕರು ಬಂದು ಹಿಂದಿನ ಸಾಲಿನಲ್ಲಿ ಕೂರಬಹುದಂತೆ. ಹೆಸರು ಕೊಟ್ಟಿದ್ದೇನೆ. ಮೂರು ದಿನ ರಜೆ ಹಾಕಿದ್ದೇನೆ.

ಮಂಗಳವಾರ 18ರಂದು ಸ್ಟ್ಯಾನ್ಮೋರಿನಿಂದ ಏಳೂ ನಲವತ್ತರ ಜುಬಿಲಿ ಲೈನ್ ಗಾಡಿ ಹತ್ತುತ್ತೇನೆ, ಮುಂದಿನಿಂದ ಎರಡನೇ ಡಬ್ಬಿ. ಕ್ವೀನ್ಸ್‌ಬರಿಗೆ ಏಳೂ ನಲವತ್ತೈದರ ಸುಮಾರಿಗೆ ಬರುತ್ತದೆ. ಸ್ಟ್ರಾಟ್‌ಫರ್ಡಿಗೆ ಅದೇ ಗಾಡಿ, ಬದಲಾಯಿಸಬೇಕಾಗಿಲ್ಲ. ವಿಚಾರಣೆ ಒಂಬತ್ತೂವರೆಗೆ.

ಚನ್ನವ್ವ